ಹುಡುಗ ಗೋಲಿಗೆ ನಿಲ್ಲಬಲ್ಲನೇ? ಎಳೆಯ ಕೀಪರ್‌ನನ್ನು ರಾಷ್ಟ್ರೀಯ ತಂಡಕ್ಕೆ ತೂಗಿ ನೋಡುವ ಬಗೆ

ಹತ್ತೊಂಬತ್ತರ ಗೋಲ್‌ಕೀಪರ್ ಒಬ್ಬ ಒಂದೇ ಫುಟ್‌ಬಾಲ್ ಪಂದ್ಯದಲ್ಲಿ ಎರಡು ಪೆನಾಲ್ಟಿ ತಡೆದರೆ ಸಾಕು, ಅಭಿಮಾನಿಗಳು ಆ ರಾತ್ರಿಯೇ ಅವನಿಗೆ ದೇಶದ ಜೆರ್ಸಿ ತೊಡಿಸಿಬಿಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ. ಮೂರು ವಾರ ಕಳೆದು ಅದೇ ಹುಡುಗನ ಕೈಯಿಂದ ಒಂದು ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಹೊಡೆದ ಚೆಂಡು) ಜಾರಿದರೆ ‘ಇನ್ನೂ ಎಳಸು, ಬೇಡ’ ಅಂತ ಅದೇ ಜನ ಜೆರ್ಸಿ ಬಿಚ್ಚಿಸುತ್ತಾರೆ. ಕಂಡದ್ದು ಒಂದೆರಡು ಕ್ಷಣ, ಕೊಟ್ಟ ತೀರ್ಪು ಇಡೀ ಆಟಗಾರನ ಮೇಲೆ. ಕೀಪರ್ ಸಿದ್ಧನಿದ್ದಾನೋ ಇಲ್ಲವೋ ಎಂಬುದು ಅವನ ಹಾರುವಿಕೆಗಿಂತ ಹೆಚ್ಚಾಗಿ, ಹಾರುವ ಮೊದಲು ಅವನು ಎಲ್ಲಿ ನಿಂತಿದ್ದ, ಏನು ತೀರ್ಮಾನ ಮಾಡಿದ ಎಂಬುದರಲ್ಲಿ ಗೊತ್ತಾಗುತ್ತದೆ. ಅದನ್ನು ನೋಡುವುದು, ಗುರುತು ಹಾಕಿಕೊಳ್ಳುವುದು, ಅದರ ಮೇಲೆ ವಾದ ಕಟ್ಟುವುದು ಹೇಗೆ ಎಂಬುದು ಇಲ್ಲಿದೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ

‘ಇವನು ರಾಷ್ಟ್ರೀಯ ತಂಡಕ್ಕೆ ಸಿದ್ಧನೇ?’ ಎಂಬ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಮೂರನೇ ಕೀಪರ್ ಆಗಿ ಶಿಬಿರಕ್ಕೆ ಹೋಗಬಲ್ಲನೇ? ಎರಡನೆಯವನಾಗಿ ಬೆಂಚಿನಲ್ಲಿ ಕೂತು, ಯಾವ ಕ್ಷಣಕ್ಕೆ ಕರೆದರೂ ಇಳಿಯಬಲ್ಲನೇ? ಈಗಿರುವ ಮೊದಲ ಕೀಪರ್‌ನನ್ನು ಕೂರಿಸಿ ಅವನ ಜಾಗಕ್ಕೆ ನಿಲ್ಲಬಲ್ಲನೇ? ಒಬ್ಬ ಮೊದಲನೆಯದಕ್ಕೆ ಹೌದು ಅನ್ನುತ್ತಿರುತ್ತಾನೆ, ಇನ್ನೊಬ್ಬ ಮೂರನೆಯದಕ್ಕೆ ಇಲ್ಲ ಅನ್ನುತ್ತಿರುತ್ತಾನೆ. ಇಬ್ಬರೂ ಸರಿ, ಆದರೂ ಜಗಳ ಮುಗಿಯುವುದಿಲ್ಲ.

ಮೂರೂ ಬೇರೆ ಬೇರೆ ಕೆಲಸ. ಮೂರನೆಯವನ ಕೆಲಸ ಬಹುಪಾಲು ಅಭ್ಯಾಸದ ಮೈದಾನದಲ್ಲೇ: ಸ್ಟ್ರೈಕರ್‌ಗಳಿಗೆ ಶಾಟ್ ಹೊಡೆಯಲು ನಿಲ್ಲುವುದು, ದೊಡ್ಡವರ ವೇಗಕ್ಕೆ ಕಣ್ಣು ಒಗ್ಗಿಸಿಕೊಳ್ಳುವುದು. ವಿಶ್ವಕಪ್ ತಂಡದಲ್ಲಿ ಕನಿಷ್ಠ 3 ಕೀಪರ್‌ಗಳು ಇರಲೇಬೇಕು, ಹಾಗಾಗಿ ಈ ಜಾಗ ಹೇಗೂ ತುಂಬಬೇಕಾದದ್ದು. ಎರಡನೆಯವನ ಕೆಲಸ ಎಲ್ಲಕ್ಕಿಂತ ಕಷ್ಟ ಎಂದರೂ ತಪ್ಪಲ್ಲ. ಆಡದೆಯೂ ಆಡುವವನಷ್ಟೇ ಹದವಾಗಿರಬೇಕು. 2002ರ ವಿಶ್ವಕಪ್‌ಗೆ ಮುಂಚೆ ಸ್ಪೇನ್‌ನ ಮೊದಲ ಕೀಪರ್ ಕನ್ಯಿಸಾರೆಸ್ ಕಾಲಿನ ಮೇಲೆ ಸುಗಂಧದ ಬಾಟಲಿ ಬೀಳಿಸಿಕೊಂಡು ಸ್ನಾಯುರಜ್ಜು ಕತ್ತರಿಸಿಕೊಂಡರು. ಅವರ ಬದಲು 21ರ ಕಸಿಯಾಸ್ ಗೋಲಿಗೆ ನಿಂತರು. ಐರ್ಲೆಂಡ್ ವಿರುದ್ಧ ಆಟದ ನಡುವೆ ಒಂದು, ಪಂದ್ಯ ಸಮವಾದ ಮೇಲೆ ಗೆಲುವು ತೀರ್ಮಾನಿಸುವ ಶೂಟೌಟ್‌ನಲ್ಲಿ ಎರಡು ಪೆನಾಲ್ಟಿ ತಡೆದರು. ಬಾಟಲಿ ಯಾವಾಗ ಬೀಳುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಎರಡನೆಯವನನ್ನು ಆರಿಸುವಾಗ ಕೇಳಬೇಕಾದ್ದು ‘ನಾಳೆಯೇ ನಿಲ್ಲಬಲ್ಲನೇ’ ಎಂದು.

ಆದ್ದರಿಂದ ವಾದಕ್ಕೆ ಇಳಿಯುವ ಮುನ್ನ ನಿಮ್ಮ ಮಾತನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಯಾವ ಸ್ಥಾನಕ್ಕೆ, ಯಾರ ಬದಲು, ಯಾವ ಪಂದ್ಯದಿಂದ ಎಂಬ ಮೂರೂ ಅದರಲ್ಲಿ ಬರಬೇಕು. ‘ಮುಂದಿನ ಸೌಹಾರ್ದ ಪಂದ್ಯದ ಎರಡನೇ ಅರ್ಧದಲ್ಲಿ, ಈಗಿನ ಎರಡನೇ ಕೀಪರ್ ಬದಲು ಇವನನ್ನು ಇಳಿಸಬೇಕು’ ಎಂಬುದು ಚರ್ಚಿಸಬಹುದಾದ ಮಾತು. ‘ಹುಡುಗ ಬೆಂಕಿ’ ಎಂಬುದು ಬರೀ ಕೂಗು.

ಎಷ್ಟು ನೋಡಬೇಕು, ಎಲ್ಲಿಂದ ನೋಡಬೇಕು

ಕನಿಷ್ಠ 8, ಸಾಧ್ಯವಾದರೆ 10 ಪಂದ್ಯ, ಪೂರ್ತಿ 90 ನಿಮಿಷ. ಹೈಲೈಟ್ಸ್ ಲೆಕ್ಕಕ್ಕಿಲ್ಲ. ಒಬ್ಬ ಕೀಪರ್ ಬಾರದೇ ಉಳಿದ ಕ್ರಾಸ್, ಕೂಗದೇ ಉಳಿದ ಕೂಗು, ಎರಡು ಹೆಜ್ಜೆ ಹಿಂದೆ ನಿಂತದ್ದು ಯಾವ ಹೈಲೈಟ್ಸ್‌ಗೂ ಬರುವುದಿಲ್ಲ. ಪಂದ್ಯಗಳನ್ನು ಆರಿಸುವಾಗ ಬೆರಕೆ ಇರಲಿ: ಬಲಿಷ್ಠ ತಂಡದ ವಿರುದ್ಧ ಎರಡು, ಎದುರಾಳಿಯ ಮೈದಾನದಲ್ಲಿ ಎರಡು ಮೂರು, ಮಳೆಯಲ್ಲಿ ಒಂದು, ಒಂದೇ ಗೋಲಿನ ಮುನ್ನಡೆ ಉಳಿಸಿಕೊಳ್ಳಬೇಕಾಗಿ ಬಂದದ್ದು ಒಂದು, ಅವನು ದೊಡ್ಡ ತಪ್ಪು ಮಾಡಿದ್ದು ಒಂದು, ಅದರ ಮರುವಾರದ್ದು ಒಂದು. ಕೊನೆಯ ಎರಡು ಬಹಳ ಮುಖ್ಯ, ಅವುಗಳ ಮಾತು ಮುಂದೆ ಬರುತ್ತದೆ.

ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಕೀಪರ್ ಚೌಕಟ್ಟಿನ ಹೊರಗೇ ಉಳಿಯುತ್ತಾನೆ. ಕ್ರೀಡಾಂಗಣಕ್ಕೆ ಹೋಗುವ ಅವಕಾಶವಿದ್ದರೆ ಗೋಲಿನ ಹಿಂದಿನ ಸಾಲಿನಲ್ಲಿ, ಸ್ವಲ್ಪ ಎತ್ತರದಲ್ಲಿ ಕೂರಿ. ಪ್ರತಿ ಅರ್ಧದಲ್ಲೂ 15 ನಿಮಿಷ ಚೆಂಡನ್ನು ಮರೆತು ಅವನೊಬ್ಬನನ್ನೇ ನೋಡಿ. ಇದು ಹೇಳಿದಷ್ಟು ಸುಲಭವಲ್ಲ, ಕಣ್ಣು ಮತ್ತೆ ಮತ್ತೆ ಚೆಂಡಿನ ಕಡೆ ಹೋಗುತ್ತದೆ. ತನ್ನ ತಂಡ ದೂರದಲ್ಲಿ ದಾಳಿ ಮಾಡುವಾಗ ಒಳ್ಳೆಯ ಕೀಪರ್ ಬಾಕ್ಸಿನ (ಗೋಲಿನ ಮುಂದೆ ಅವನು ಕೈ ಬಳಸಬಹುದಾದ ಚೌಕ) ಅಂಚಿನವರೆಗೆ, ಕೆಲವೊಮ್ಮೆ ಅದರ ಆಚೆಗೂ ಬಂದಿರುತ್ತಾನೆ. ಚೆಂಡು ಕೈತಪ್ಪಿದ ಕ್ಷಣಕ್ಕೆ ಅವನ ಕಾಲು ಚಲಿಸಲು ಶುರುವಾಗಿರುತ್ತದೆ. ಎಳೆಯರು ಬಹುತೇಕ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ಗೆರೆಗೆ ಅಂಟಿಕೊಂಡು ನಿಲ್ಲುತ್ತಾರೆ, ಇಲ್ಲವೇ ಮುಂದೆ ಬಂದು ವಾಪಸಾಗುವುದನ್ನು ತಡಮಾಡುತ್ತಾರೆ.

ಗೋಲು ಬಿದ್ದಾಗ ನಾಲ್ಕು ಕಡೆ ನಿಲ್ಲಿಸಿ ನೋಡಿ

ಗೋಲು ಬಿದ್ದ ವಿಡಿಯೊವನ್ನು ನಾಲ್ಕು ಕಡೆ ನಿಲ್ಲಿಸಬೇಕು. ಒಂದು, ಶಾಟ್‌ಗೆ ಮುಂಚಿನ ಪಾಸ್ ಕಾಲಿನಿಂದ ಹೊರಟಾಗ. ಎರಡು, ಶಾಟ್ ಹೊಡೆಯುವವನ ಕಾಲು ಚೆಂಡಿಗೆ ತಾಗಿದಾಗ. ಮೂರು, ಕೀಪರ್‌ನ ಮೊದಲ ಹೆಜ್ಜೆ ನೆಲ ಬಿಟ್ಟಾಗ. ನಾಲ್ಕು, ಚೆಂಡು ಕೈ ದಾಟುವಾಗ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಎರಡನೆಯ ಚಿತ್ರ. ಕಾಲು ಚೆಂಡಿಗೆ ತಾಗುವಾಗ ಕೀಪರ್‌ನ ಎರಡೂ ಪಾದ ನೆಲದ ಮೇಲಿರಬೇಕು, ಭುಜದಗಲಕ್ಕಿಂತ ಕೊಂಚವೇ ಅಗಲವಾಗಿ, ಭಾರ ಮುಂಗಾಲಿನ ಮೇಲೆ, ಕೈ ಸೊಂಟದ ಮಟ್ಟದಲ್ಲಿ ಮೈಯ ಮುಂದೆ. ಆ ಕ್ಷಣಕ್ಕೆ ಇನ್ನೂ ಓಡುತ್ತಿದ್ದರೆ, ಒಂದು ಕಾಲು ಗಾಳಿಯಲ್ಲಿದ್ದರೆ, ಆ ಕಾಲು ನೆಲ ಮುಟ್ಟುವವರೆಗೆ ಅವನು ಬೇರೆ ದಿಕ್ಕಿಗೆ ಹಾರಲಾರ. ಲೆಕ್ಕ ಹಾಕಿ: ಗಂಟೆಗೆ 100 ಕಿ.ಮೀ. ವೇಗದ ಶಾಟ್ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. 16.5 ಮೀಟರ್ ದೂರದ ಬಾಕ್ಸಿನ ಅಂಚಿನಿಂದ ಗೆರೆಗೆ ಬರಲು 0.6 ಸೆಕೆಂಡ್ ಸಾಕು. ಕಣ್ಣು ಕಂಡು ಮೈ ಕದಲಲು ಅದರಲ್ಲಿ 0.2 ಸೆಕೆಂಡ್ ಹೋಗುತ್ತದೆ. ಉಳಿದ 0.4ರಲ್ಲಿ 7.32 ಮೀಟರ್ ಅಗಲದ ಗೋಲಿನ ಅರ್ಧವನ್ನು ಕಾಯಬೇಕು. ಪಾದ ಇಡುವುದಕ್ಕೇ 0.15 ಸೆಕೆಂಡ್ ಕಳೆದರೆ ಎಂಥ ಚುರುಕಿನ ಹುಡುಗನೂ ಸೋಲುತ್ತಾನೆ. ನೋಡುವವರಿಗೆ ಮಾತ್ರ ಅದು ‘ತಡೆಯಲಾಗದ ಶಾಟ್’ ಆಗಿ ಕಾಣುತ್ತದೆ. ಅದ್ಭುತವಾಗಿ ಹಾರಿ ತಡೆದ ಎಷ್ಟೋ ಸೇವ್‌ಗಳೂ ಇಂಥವೇ. ಮೊದಲೇ ಸರಿಯಾದ ಜಾಗದಲ್ಲಿ ನಿಂತಿದ್ದರೆ ಹಾರುವ ಅಗತ್ಯವೇ ಇರುತ್ತಿರಲಿಲ್ಲ.

ಪ್ರತಿ ಗೋಲಿಗೂ 0, 1, 2 ಎಂದು ಅಂಕ ಕೊಡಿ. 0 ಎಂದರೆ ಯಾರು ನಿಂತಿದ್ದರೂ ಬೀಳುತ್ತಿತ್ತು. 1 ಎಂದರೆ ಒಳ್ಳೆಯ ಕೀಪರ್‌ಗೆ ತಡೆಯುವ ಅವಕಾಶವಿತ್ತು. 2 ಎಂದರೆ ತಡೆಯಲೇಬೇಕಿತ್ತು. ಹತ್ತು ಪಂದ್ಯದಲ್ಲಿ 2 ಅಂಕದ್ದು ಒಂದು ಬಂದರೆ ಸಹಜ. ಮೂರು ಬಂದರೆ ಮೊದಲ ಕೀಪರ್ ಸ್ಥಾನದ ಮಾತು ಸದ್ಯಕ್ಕೆ ಬೇಡ. 1 ಅಂಕದವು ಒಂದೇ ಬಗೆಯವಾಗಿ ಬರುತ್ತಿವೆಯೇ ನೋಡಿ. ಎಡಗಡೆ ಕೆಳಗೆ ಹೋದ ಶಾಟ್‌ಗಳೇ ಮೂರು ಇದ್ದರೆ ಅದು ಆಕಸ್ಮಿಕವಲ್ಲದೆ ಇರಬಹುದು. ಎದುರಾಳಿ ತಂಡಗಳೂ ಅದೇ ವಿಡಿಯೊ ನೋಡುತ್ತಿರುತ್ತವೆ.

ಹತ್ತಿರದ ಪೋಸ್ಟಿನ ಕಡೆ ಗೋಲು ಬಿದ್ದರೆ ‘ಕೀಪರ್ ತಪ್ಪು’ ಎಂದು ಕಾಮೆಂಟರಿಯವರು ಕಣ್ಣುಮುಚ್ಚಿ ಹೇಳುವುದುಂಟು. ಬಾಕ್ಸಿನ ಪಕ್ಕದಿಂದ ಬಂದವನಿಗೆ ಹಿಂದಕ್ಕೆ ಪಾಸ್ ಕೊಡಲು ಇಬ್ಬರು ಕಾಯುತ್ತಿದ್ದರೆ, ಕೀಪರ್ ಪೋಸ್ಟಿಗೆ ಒತ್ತಿಕೊಂಡು ನಿಂತರೂ ತಪ್ಪು, ಬಿಟ್ಟರೂ ತಪ್ಪು. ಅಂಥ ಗೋಲಿಗೆ 2 ಕೊಡಬೇಡಿ.

ತಡೆದ ಚೆಂಡು ಎಲ್ಲಿಗೆ ಹೋಯಿತು ಎಂಬುದನ್ನೂ ಬರೆದುಕೊಳ್ಳಿ. ಹಿಡಿಯಬಹುದಾದ್ದನ್ನು ಹಿಡಿದನೇ, ಹಿಡಿಯಲಾಗದ್ದನ್ನು ಬದಿಗೆ ತಳ್ಳಿದನೇ, ಇಲ್ಲ ಬಾಕ್ಸಿನ ನಡುವಿಗೇ ಹಾಕಿದನೇ? ನಡುವಿಗೆ ಬಿದ್ದ ರಿಬೌಂಡ್ ಅರ್ಧ ಗೋಲು. ಕ್ಲಬ್‌ನಲ್ಲಿ ಡಿಫೆಂಡರ್ ಬಂದು ಹೊಡೆದು ಕಳಿಸಿದ್ದರೆ ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ದೇಶಗಳ ನಡುವಿನ ಪಂದ್ಯದಲ್ಲಿ ಎದುರಿನ ಸ್ಟ್ರೈಕರ್ ಬಿಡುವವನಲ್ಲ.

ಕ್ರಾಸ್: ಎಳೆಯರು ಸಿಕ್ಕಿಬೀಳುವ ಜಾಗ

ಶಾಟ್ ತಡೆಯುವುದರಲ್ಲಿ ಹತ್ತೊಂಬತ್ತರ ಹುಡುಗ ಮೂವತ್ತರವನಿಗೆ ಸಮ ಇರಬಹುದು, ಕೆಲವೊಮ್ಮೆ ಮೇಲೂ ಇರಬಹುದು. ಕ್ರಾಸ್ ವಿಷಯದಲ್ಲಿ ಹಾಗಿರುವುದು ಅಪರೂಪ. ಚೆಂಡಿನ ಹಾದಿ, ಗಾಳಿ, ನಡುವೆ ನಿಂತ ಆರೇಳು ಮೈಗಳು, ತನ್ನ ಡಿಫೆಂಡರ್ ಏನು ಮಾಡಲಿದ್ದಾನೆ, ಇಷ್ಟನ್ನೂ ಒಂದು ಸೆಕೆಂಡಿನೊಳಗೆ ಓದಬೇಕು. ಓದು ಬರುವುದು ಕಂಡ ಕ್ರಾಸ್‌ಗಳ ಎಣಿಕೆಯಿಂದ. ಅದಕ್ಕೆ ಅಡ್ಡದಾರಿ ಇಲ್ಲ.

ಹಾಳೆಯಲ್ಲಿ ನಾಲ್ಕು ಕಾಲಂ ಮಾಡಿ: ಬಂದು ಹಿಡಿದ, ಬಂದು ಗುದ್ದಿದ, ಬಂದು ತಪ್ಪಿದ, ಬರಲಿಲ್ಲ. ಮೂರನೆಯದು ಎಲ್ಲರಿಗೂ ಕಾಣುತ್ತದೆ. ನಾಲ್ಕನೆಯದು ಕಾಣುವುದಿಲ್ಲ, ಆದರೆ ಅಪಾಯ ಹೆಚ್ಚಿರುವುದು ಅಲ್ಲೇ. ಗೋಲಿನಿಂದ 5.5 ಮೀಟರ್ ಒಳಗಿನ ಚಿಕ್ಕ ಬಾಕ್ಸಿನ ನಡುವೆ, ಎತ್ತರದಲ್ಲಿ, ನಿಧಾನವಾಗಿ ಬಂದ ಚೆಂಡು ಕೀಪರ್‌ನದ್ದು. ಅದನ್ನು ಡಿಫೆಂಡರ್‌ನ ತಲೆಗೆ ಬಿಟ್ಟು ಗೆರೆಯ ಮೇಲೇ ನಿಂತರೆ ನಾಲ್ಕನೇ ಕಾಲಂಗೆ ಗೀಟು ಹಾಕಿ, ಗೋಲು ಬೀಳದಿದ್ದರೂ ಸರಿ. ತಪ್ಪಿದ್ದು ಸೊನ್ನೆ, ಬಾರದ್ದು ಇಪ್ಪತ್ತು ಇದ್ದರೆ ಆ ಹುಡುಗ ಸುರಕ್ಷಿತ ಕೀಪರ್ ಅಲ್ಲ, ಪರೀಕ್ಷೆಗೇ ಕೂರದ ಕೀಪರ್.

ನಿಲ್ಲುವ ಭಂಗಿಯಲ್ಲೇ ಅರ್ಧ ಉತ್ತರ ಇರುತ್ತದೆ. ಬದಿಯಿಂದ ಕ್ರಾಸ್ ಬರುವಾಗ ಮೈ ಪೂರ್ತಿ ಚೆಂಡಿನ ಕಡೆ ತಿರುಗಿದ್ದರೆ ದೂರದ ಪೋಸ್ಟಿಗೆ ಹೋಗಲು ಕಾಲು ಅಡ್ಡಗಾಲಾಗುತ್ತದೆ. ಭುಜವನ್ನು ಮೈದಾನದ ಕಡೆ ತುಸು ತೆರೆದು, ಗೋಲಿನ ನಡುವಿನ ಆಸುಪಾಸಿನಲ್ಲಿ, ಗೆರೆಯಿಂದ ಒಂದೆರಡು ಹೆಜ್ಜೆ ಮುಂದೆ ನಿಂತಿರಬೇಕು. ಕ್ರಾಸ್ ಹೊಡೆಯುವವನು ತಲೆ ತಗ್ಗಿಸುವ ಮೊದಲೇ ಓಟಕ್ಕೆ ಇಳಿಯುವವನು ಊಹಿಸುತ್ತಿದ್ದಾನೆ. ಹೊಡೆದ ಮೇಲೆ, ಚೆಂಡಿನ ಎತ್ತರ ಗೊತ್ತಾದ ಮೇಲೆ ಹೊರಟು, ಒಂದೇ ಕಾಲಿನಲ್ಲಿ ಚಿಮ್ಮಿ, ಇನ್ನೊಂದು ಮೊಣಕಾಲನ್ನು ಎದುರಾಳಿಯ ಕಡೆ ಎತ್ತಿ, ಚೆಂಡನ್ನು ಅದರ ಅತಿ ಎತ್ತರದ ಬಿಂದುವಿನಲ್ಲಿ ಹಿಡಿಯುವವನು ಕಲಿತವನು.

ಎತ್ತರದ ಮಾತು ಇಲ್ಲಿ ಬಂದೇ ಬರುತ್ತದೆ. ಅಡ್ಡಕಂಬ 2.44 ಮೀಟರ್ ಎತ್ತರದಲ್ಲಿದೆ. 1.85 ಮೀಟರ್ ಎತ್ತರದವನು ನಿಂತಲ್ಲೇ ಕೈ ಎತ್ತಿದರೆ ಬೆರಳು ಸುಮಾರು 2.4 ಮೀಟರ್ ಮುಟ್ಟುತ್ತದೆ. ಅಂಥವನು ಹಾರಿದಾಗ ಸ್ಟ್ರೈಕರ್‌ನ ತಲೆಗಿಂತ ಕೈ ಮೇಲೆಯೇ ಇರುತ್ತದೆ. ಆದ್ದರಿಂದ ‘ಗಿಡ್ಡ’ ಎಂಬ ದೂರು ಹೇಳುವ ಮೊದಲು ಅವನು ತಡವಾಗಿ ಹೊರಟನೇ ಎಂದು ನೋಡಿ. ಬಹುಪಾಲು ಸಲ ತಡವೇ ಕಾರಣವಾಗಿರುತ್ತದೆ.

ಕೂಗು ಕೂಡ ಕ್ರಾಸ್‌ನ ಭಾಗ. ಟಿವಿಯಲ್ಲಿ ಕೇಳಿಸದಿದ್ದರೆ ಡಿಫೆಂಡರ್‌ನ ಕುತ್ತಿಗೆ ನೋಡಿ. ಹಿಂದಿನಿಂದ ಸ್ಪಷ್ಟ ಮಾತು ಬಂದರೆ ಅವನು ತಿರುಗಿ ನೋಡದೆ ತಲೆಬಾಗಿ ಬಿಡುತ್ತಾನೆ. ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದರೆ ಮಾತು ಬರುತ್ತಿಲ್ಲ, ಇಲ್ಲವೇ ಬಂದ ಮಾತನ್ನು ನಂಬುತ್ತಿಲ್ಲ. ಆಗಲೇ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು: ಕೀಪರ್ ಬಂದ, ಡಿಫೆಂಡರ್ ತಲೆ ಕೊಟ್ಟ, ಚೆಂಡು ಇಬ್ಬರನ್ನೂ ದಾಟಿ ಗೋಲಿಗೆ ಉರುಳಿತು. ತನಗಿಂತ ಹನ್ನೆರಡು ವರ್ಷ ದೊಡ್ಡವನಾದ, ನಾಯಕನ ಪಟ್ಟಿ ಕಟ್ಟಿದ ಡಿಫೆಂಡರ್‌ಗೆ ‘ಬಿಡು, ನಂದು’ ಎಂದು ಗದರುವುದು ಎಳೆಯರಿಗೆ ಸಲೀಸಲ್ಲ. ರಾಷ್ಟ್ರೀಯ ತಂಡದಲ್ಲಿ ಅದನ್ನು ಎರಡು ಮೂರು ದಿನದ ಅಭ್ಯಾಸದಲ್ಲೇ ಸಾಧಿಸಬೇಕು.

ಕಾಲಿನ ಕೆಲಸ

ಬ್ಯಾಕ್‌ಪಾಸ್, ಅಂದರೆ ತನ್ನ ತಂಡದವನೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು, ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂತು. 2019ರಿಂದ, ಗೋಲಿನ ಬದಿಯ ಗೆರೆ ದಾಟಿ ಹೊರಹೋದ ಚೆಂಡನ್ನು ಮತ್ತೆ ಆಟಕ್ಕೆ ತರುವ ಗೋಲ್ ಕಿಕ್‌ ಬಾಕ್ಸಿನ ಹೊರಗೆ ಹೋಗಲೇಬೇಕೆಂಬುದೂ ಇಲ್ಲ. ಹಾಗಾಗಿ ಎದುರಾಳಿಗಳು ಚಿಕ್ಕ ಬಾಕ್ಸಿನವರೆಗೂ ಒತ್ತಲು ಬರುತ್ತಾರೆ. ಪಾಸ್ ನಿಖರತೆ ಶೇ 88 ಎಂಬ ಅಂಕಿ ಇಲ್ಲಿ ಏನೂ ಹೇಳುವುದಿಲ್ಲ, ಒತ್ತಡವಿಲ್ಲದೆ ಪಕ್ಕದವನಿಗೆ ಕೊಟ್ಟದ್ದೂ ಅದರಲ್ಲಿ ಸೇರಿರುತ್ತದೆ. ಎದುರಾಳಿ ಮೂರು ಮೀಟರ್‌ನೊಳಗೆ ಬಂದಾಗ ಕೊಟ್ಟ ಪಾಸ್‌ಗಳನ್ನಷ್ಟೇ ಎಣಿಸಿ. ಚೆಂಡು ಬರುವ ಮುಂಚೆ ಒಮ್ಮೆಯಾದರೂ ತಲೆ ಎತ್ತಿ ನೋಡಿದನೇ, ಮೊದಲ ಸ್ಪರ್ಶದಲ್ಲಿ ಚೆಂಡನ್ನು ಗೋಲಿನ ಬಾಯಿಂದ ದೂರ ಸರಿಸಿದನೇ, ಬಾರದ ಕಾಲಿನಿಂದಲೂ 30 ಮೀಟರ್ ಕಳಿಸಬಲ್ಲನೇ? ಕೊನೆಯದು ಇಲ್ಲದಿದ್ದರೆ ಬಲ್ಲ ಎದುರಾಳಿ ಅವನ ಒಳ್ಳೆಯ ಕಾಲನ್ನು ಮುಚ್ಚಿ ಒತ್ತುತ್ತಾನೆ, ಅಲ್ಲಿಗೆ ಮುಗಿಯಿತು.

2025-26ರ ಸೀಸನ್‌ನಿಂದ ಇನ್ನೊಂದು ಸೇರಿದೆ. ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡ್‌ಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫರಿ ಕೈ ಎತ್ತಿ ಎಣಿಸುತ್ತಾರೆ. ಚೆಂಡು ಅಪ್ಪಿ ನೆಲಕ್ಕೆ ಬಿದ್ದು ಆಟದ ಉಸಿರು ತಣಿಸುವ ಹಳೆಯ ಉಪಾಯಕ್ಕೆ ಈಗ ಗಡಿಯಾರ ಕಟ್ಟಿದ್ದಾರೆ. ಗಾಬರಿಗೊಂಡ ಹುಡುಗ ಆ ಎಣಿಕೆ ಕಂಡು ಚೆಂಡನ್ನು ನಡುಮೈದಾನಕ್ಕೆ ಕುರುಡಾಗಿ ಎಸೆಯುತ್ತಾನೋ ನೋಡಿ.

ಅಂಕಿ ನಂಬುವ ಮುನ್ನ

ಕ್ಲೀನ್ ಶೀಟ್, ಅಂದರೆ ಒಂದೂ ಗೋಲು ಬಿಡದ ಪಂದ್ಯ, ತಂಡದ ಲೆಕ್ಕ. ಅದನ್ನು ಕೀಪರ್‌ನ ಹೆಸರಿಗೆ ಬರೆಯುವುದು ರೂಢಿಯಷ್ಟೇ.

ಸೇವ್ ಶೇಕಡಾವಾರು ಕೊಂಚ ವಾಸಿ, ಆದರೆ ಕಡಿಮೆ ಶಾಟ್‌ಗಳಲ್ಲಿ ಅದು ದಾಳ ಹಾಕಿದಂತೆ. 100 ಶಾಟ್‌ಗೆ 70 ತಡೆಯುವ ನಿಜವಾದ ಸಾಮರ್ಥ್ಯವಿರುವ ಕೀಪರ್ ಒಬ್ಬ ಇದ್ದಾನೆ ಎಂದುಕೊಳ್ಳಿ. ಬರೀ ಅದೃಷ್ಟದ ಏರಿಳಿತದಿಂದ ಅವನ ಲೆಕ್ಕ ಒಂದು ವರ್ಷ 61, ಇನ್ನೊಂದು ವರ್ಷ 79 ಆಗಬಹುದು. ಪಂದ್ಯಕ್ಕೆ ಮೂರು ನಾಲ್ಕು ಶಾಟ್ ಗುರಿಗೆ ಬಂದರೆ 100 ಆಗಲು ಹೆಚ್ಚುಕಡಿಮೆ ಇಡೀ ಸೀಸನ್ ಬೇಕು. ಹತ್ತು ಪಂದ್ಯದ ಶೇಕಡಾವಾರು ಹಿಡಿದು ಇಬ್ಬರು ಕೀಪರ್‌ಗಳನ್ನು ಹೋಲಿಸುವವರ ಜೊತೆ ವಾದಿಸಿ ಸುಸ್ತಾಗಬೇಡಿ.

ಗುರಿ ಸೇರಿದ ಪ್ರತಿ ಶಾಟ್ ಎಷ್ಟು ಕಷ್ಟದ್ದಿತ್ತು ಎಂದು ಅಳೆದು, ಸಾಧಾರಣ ಕೀಪರ್ ಎಷ್ಟು ಗೋಲು ಬಿಡುತ್ತಿದ್ದ ಎಂದು ಹೇಳುವ ಲೆಕ್ಕಕ್ಕೆ ಪಿಎಸ್‌ಎಕ್ಸ್‌ಜಿ ಎನ್ನುತ್ತಾರೆ. ಅದರಿಂದ ನಿಜವಾಗಿ ಬಿಟ್ಟ ಗೋಲುಗಳನ್ನು ಕಳೆದರೆ ತಡೆದ ಹೆಚ್ಚುವರಿ ಗೋಲು ಸಿಗುತ್ತದೆ. ಉದಾಹರಣೆಗೆ ಲೆಕ್ಕ 27.5 ಹೇಳಿ, ಹುಡುಗ 24 ಬಿಟ್ಟಿದ್ದರೆ +3.5. ಸ್ವಂತ ತಂಡದವರೇ ಹೊಡೆದ ಗೋಲುಗಳನ್ನು ಮೊದಲೇ ತೆಗೆದಿಡಿ. ಇಲ್ಲಿಯೂ 100 ಶಾಟ್‌ಗೆ ಮೂರು ನಾಲ್ಕು ಗೋಲು ಅತ್ತಿತ್ತ ಆಗುವುದು ಅದೃಷ್ಟದ ವ್ಯಾಪ್ತಿಯೊಳಗೇ. ಎರಡು ಸೀಸನ್ ಸತತವಾಗಿ ಮೇಲಿದ್ದರೆ ಕಿವಿಗೊಡಿ. ಅಂದಹಾಗೆ, ಈ ಲೆಕ್ಕಕ್ಕೆ ಶಾಟ್ ಮಾತ್ರ ಗೊತ್ತು, ಹಿಡಿದ ಕ್ರಾಸ್ ಗೊತ್ತಿಲ್ಲ. ಮುಂದೆ ಬಂದು ಶಾಟ್ ಆಗುವ ಮೊದಲೇ ಚೆಂಡು ಎತ್ತಿಕೊಂಡವನಿಗೆ ಅದರಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ.

ಪೆನಾಲ್ಟಿಯ ಗುಂಗು ಬಿಡಿಸಲು ಒಂದು ಲೆಕ್ಕ ಸಾಕು. ಐದರಲ್ಲಿ ಒಂದು ಪೆನಾಲ್ಟಿ ತಡೆಯುವ ಸಾಧಾರಣ ಕೀಪರ್ ಕೂಡ ಹತ್ತು ಪೆನಾಲ್ಟಿ ಎದುರಿಸಿದರೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ತಡೆಯುವ ಸಂಭವ ಶೇ 12. ಎಂಟು ಕೀಪರ್‌ಗಳಲ್ಲಿ ಒಬ್ಬ ಹಾಗೆ ಸುಮ್ಮನೆ ‘ಪೆನಾಲ್ಟಿ ವೀರ’ ಆಗಿಬಿಡುತ್ತಾನೆ.

ತಪ್ಪಾದ ಮೇಲಿನ ಹತ್ತು ನಿಮಿಷ

ಕೀಪರ್‌ನ ತಪ್ಪು ಸ್ಕೋರ್‌ಬೋರ್ಡಿಗೆ ನೇರವಾಗಿ ಹೋಗುತ್ತದೆ. ಆದ್ದರಿಂದ ತಪ್ಪು ಮಾಡುತ್ತಾನೋ ಇಲ್ಲವೋ ಎಂಬ ಪ್ರಶ್ನೆಗೆ ಅರ್ಥವಿಲ್ಲ, ಮಾಡೇ ಮಾಡುತ್ತಾನೆ. ನೋಡಬೇಕಾದ್ದು ಅದರ ನಂತರದ ಮೂರು ತೀರ್ಮಾನಗಳನ್ನು. ಕ್ರಾಸ್‌ಗೆ ಬಂದು ತಪ್ಪಿದವನು ಮುಂದಿನ ಅಂಥದೇ ಕ್ರಾಸ್‌ಗೆ ಬರುತ್ತಾನೆಯೇ? ಕಾಲಿನಲ್ಲಿ ಎಡವಿದವನು ಮುಂದಿನ ಬ್ಯಾಕ್‌ಪಾಸನ್ನು ಮತ್ತೆ ಆಡುತ್ತಾನೆಯೇ, ಇಲ್ಲ ಸೀದಾ ಹೊರಗೆ ಒದೆಯುತ್ತಾನೆಯೇ? ತಪ್ಪನ್ನು ತಕ್ಷಣ ತೊಳೆದುಕೊಳ್ಳುವ ಆತುರದಲ್ಲಿ ತನ್ನದಲ್ಲದ ಚೆಂಡಿಗೂ ಓಡುತ್ತಾನೆಯೇ? ಹೆದರಿ ಒಳಸರಿಯುವುದು, ಹುಚ್ಚಾಗಿ ಹೊರನುಗ್ಗುವುದು, ಎರಡೂ ಒಂದೇ ರೋಗದ ಲಕ್ಷಣ.

ಯುರೋಪಿನ ದೇಶಗಳ ಯೂರೋ 2020 ಕೂಟದಲ್ಲಿ (ಆಡಿದ್ದು 2021ರಲ್ಲಿ) ಕ್ರೊಯೇಷಿಯಾ ವಿರುದ್ಧ ಪೆಡ್ರಿ ದೂರದಿಂದ ಕೊಟ್ಟ ಬ್ಯಾಕ್‌ಪಾಸ್ ಸ್ಪೇನ್‌ನ ಕೀಪರ್ ಉನಾಯ್ ಸಿಮೋನ್ ಅವರ ಪಾದ ದಾಟಿ ಗೋಲಿಗೆ ಉರುಳಿತು. ಮುಂದೆಯೂ ಅವರು ಚೆಂಡು ಕೇಳುವುದನ್ನು ಬಿಡಲಿಲ್ಲ, ಸ್ಪೇನ್ 5-3ರಿಂದ ಗೆದ್ದಿತು, ಮುಂದಿನ ಪಂದ್ಯದಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧದ ಶೂಟೌಟ್‌ನಲ್ಲಿ ಎರಡು ತಡೆದರು. ನಿಮ್ಮ ಹುಡುಗನ ತಪ್ಪಿನ ಪಂದ್ಯವನ್ನೂ ಮರುವಾರದ್ದನ್ನೂ ನೋಡಿ ಎಂದದ್ದು ಈ ಕಾರಣಕ್ಕೆ. ತಪ್ಪೇ ಮಾಡಿರದ ಹುಡುಗನ ಬಗ್ಗೆ ಈ ಕಾಲಂ ಖಾಲಿ ಬಿಡಿ, ‘ಚೆನ್ನಾಗಿದೆ’ ಎಂದು ತುಂಬಬೇಡಿ.

ಕ್ಲಬ್ ಬೇರೆ, ದೇಶ ಬೇರೆ

ಕ್ಲಬ್‌ನಲ್ಲಿ ಅವನ ತಂಡ ಹಿಂದೆ ಕೂತು ಆಡುತ್ತದೆ, ಪಂದ್ಯಕ್ಕೆ ಆರೇಳು ಶಾಟ್ ಬರುತ್ತವೆ, ಮೈ ಬೆಚ್ಚಗಿರುತ್ತದೆ ಎಂದುಕೊಳ್ಳಿ. ದೇಶದ ತಂಡ ಚೆಂಡನ್ನು ತಾನೇ ಇಟ್ಟುಕೊಂಡು ಆಡುವಂಥದ್ದಾದರೆ ಅವನಿಗೆ 70 ನಿಮಿಷ ಕೆಲಸವೇ ಇರುವುದಿಲ್ಲ, 71ನೇ ನಿಮಿಷಕ್ಕೆ ಒಬ್ಬ ಒಂಟಿಯಾಗಿ ಎದುರು ಬರುತ್ತಾನೆ. ತಣ್ಣಗಾದ ಮೈ, ಅಲೆದ ಮನಸ್ಸು. ಇದಕ್ಕೆ ತದ್ವಿರುದ್ಧವೂ ಇದೆ: ದೊಡ್ಡ ಕ್ಲಬ್‌ನಲ್ಲಿ, ಗೋಲಿನಿಂದ ಬಹಳ ಮುಂದೆ ಬಂದು ನಿಲ್ಲುವ ಡಿಫೆನ್ಸ್ ಹಿಂದೆ ಓಡಾಡಿ ಬೆಳೆದವನು, ಗೋಲಿನ ಮುಂದೆ ಗುಂಪುಗಟ್ಟಿ ಆಡುವ ದೇಶದ ತಂಡಕ್ಕೆ ಬಂದು ಕ್ರಾಸ್‌ಗಳ ಮಳೆಗೆ ಸಿಕ್ಕುತ್ತಾನೆ. ನಿಮ್ಮ ಹಾಳೆಯಲ್ಲಿ ಅವನ ಬಲ ಯಾವುದು ಎಂದು ನೋಡಿ, ದೇಶದ ತಂಡ ಕೀಪರ್‌ನಿಂದ ಕೇಳುವುದು ಯಾವುದು ಎಂದು ಪಕ್ಕದಲ್ಲಿ ಬರೆಯಿರಿ. ಎರಡೂ ಹೊಂದದಿದ್ದರೆ ಪ್ರತಿಭೆ ಎಷ್ಟಿದ್ದರೂ ಕಾಯುವುದೇ ವಾಸಿ. ಚೆಂಡಿನ ಕಂಪನಿಯೂ ಬದಲಾಗಿರಬಹುದು. ದೂರದ ಶಾಟ್‌ನಲ್ಲಿ ಅದರ ತೇಲಾಟ ಬೇರೆಯಾಗಿರುತ್ತದೆ.

ಹಿರಿಯರ ಪಂದ್ಯ ಎಷ್ಟು ಆಡಿದ್ದಾನೆ ಎಂಬುದು ಇನ್ನೊಂದು. ದೊಡ್ಡ ಕ್ಲಬ್‌ನ ಬೆಂಚಿಗಿಂತ ಕೆಳಗಿನ ಡಿವಿಷನ್‌ನಲ್ಲಿ ವಾರವಾರ ಆಡಿದವನೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಮೊದಲ ಕೀಪರ್ ಜಾಗಕ್ಕೆ ಹಿರಿಯರ ಮಟ್ಟದ 50 ಪಂದ್ಯವಾದರೂ ಇರಲಿ ಎಂಬುದು ಕೈಲೆಕ್ಕ, ಶಾಸನವಲ್ಲ. ಡೊನ್ನರುಮ್ಮಾ 2016ರ ಸೆಪ್ಟೆಂಬರ್ 1ರಂದು ಫ್ರಾನ್ಸ್ ವಿರುದ್ಧ ಇಟಲಿಗೆ ಆಡಿದಾಗ 17 ವರ್ಷ 189 ದಿನದವರು, ಮಿಲಾನ್‌ಗೆ ಆಡಲು ಶುರುಮಾಡಿ ವರ್ಷವೂ ತುಂಬಿರಲಿಲ್ಲ. ಆದರೆ ಅದು ಸೌಹಾರ್ದ ಪಂದ್ಯ, ಇಳಿದದ್ದು ಅರ್ಧ ಸಮಯದ ನಂತರ, ಬುಫೋನ್ ಬದಲು. ಯೂರೋ ಗೆಲ್ಲಿಸಿದ್ದು ಐದು ವರ್ಷದ ಮೇಲೆ. ‘ನೋಡಿ, 17ಕ್ಕೇ ಆಡಿದ’ ಎನ್ನುವವರು ಈ ಎರಡನೇ ಅರ್ಧವನ್ನು ಹೇಳುವುದಿಲ್ಲ.

ಹಿರಿಯರ ಶಿಬಿರದಲ್ಲಿ ಮೂರನೆಯವನಾಗಿ ಕೂರಿಸಲು 21ರೊಳಗಿನವರ ತಂಡದಿಂದ ಅವನನ್ನು ಎತ್ತಿಕೊಂಡು ಬರಬೇಕೇ? ಆ ವಾರ ಕಿರಿಯರ ತಂಡಕ್ಕೆ ಅರ್ಹತಾ ಪಂದ್ಯವಿದ್ದರೆ ಬೇಡ. ಕೂತು ನೋಡಿದ್ದಕ್ಕಿಂತ ಆಡಿದ 90 ನಿಮಿಷ ಹೆಚ್ಚು ಕಲಿಸುತ್ತದೆ. ಬರೀ ಅಭ್ಯಾಸದ ಶಿಬಿರವಾದರೆ ಖಂಡಿತ ಕರೆಯಿರಿ.

ವಾದದಲ್ಲಿ ಬಂದೇ ಬರುವ ಮಾತುಗಳು

‘ಈಗಿನವನು ಮೊನ್ನೆ ತಪ್ಪು ಮಾಡಿದ, ಹುಡುಗನನ್ನು ಇಳಿಸಿ.’ ಒಬ್ಬನ ತಪ್ಪು ಇನ್ನೊಬ್ಬನ ಅರ್ಹತೆಯಾಗದು. ಈಗಿನವನಿಗೂ ಅದೇ ಹಾಳೆ ಹಿಡಿದು ಹತ್ತು ಪಂದ್ಯ ನೋಡಿ, ಆಮೇಲೆ ಎರಡು ಹಾಳೆ ಪಕ್ಕಪಕ್ಕ ಇಡಿ.

‘ವಯಸ್ಸು ಚಿಕ್ಕದು, ಕಾಯಲಿ.’ ವಯಸ್ಸು ಒಂದೇ ಕಾರಣವಾಗದು. ಕೂರ್ಟ್ವಾ 19ಕ್ಕೆ ಬೆಲ್ಜಿಯಂ ಪರ ಫ್ರಾನ್ಸ್ ವಿರುದ್ಧ ಮೊದಲ ಪಂದ್ಯ ಆಡಿ ಗೋಲು ಬಿಡದೆ ಬಂದರು. ಆದರೆ ಅವಸರವೂ ಬೇಡ ಎನ್ನಲು ಇತಿಹಾಸದಲ್ಲಿ ಆಧಾರ ಇದೆ: ಡೀನೊ ಝೋಫ್ ಇಟಲಿಗೆ ಮೊದಲು ಆಡಿದ್ದು 26ಕ್ಕೆ, ನಾಯಕನಾಗಿ ವಿಶ್ವಕಪ್ ಎತ್ತಿದ್ದು 40ಕ್ಕೆ. ಈಜಿಪ್ಟ್‌ನ ಎಸ್ಸಾಮ್ ಎಲ್ ಹದರಿ 45ಕ್ಕೆ ವಿಶ್ವಕಪ್‌ನಲ್ಲಿ ಪೆನಾಲ್ಟಿ ತಡೆದರು. ಕೀಪರ್‌ಗೆ ಎರಡು ವರ್ಷ ಕಾದರೆ ಏನೂ ಕಳೆದುಹೋಗುವುದಿಲ್ಲ.

‘ಒಂದು ಪಂದ್ಯ ಆಡಿಸಿಬಿಡಿ, ಇಲ್ಲದಿದ್ದರೆ ಬೇರೆ ದೇಶ ಎತ್ತಿಕೊಂಡು ಹೋಗುತ್ತದೆ.’ ಎರಡು ಪೌರತ್ವದ ಹುಡುಗರ ವಿಷಯದಲ್ಲಿ ಬರುವ ಮಾತು. ಫಿಫಾ 2020ರಲ್ಲಿ ನಿಯಮ ಸಡಿಲಿಸಿತು. 21 ತುಂಬುವ ಮೊದಲು ಮೂರಕ್ಕಿಂತ ಹೆಚ್ಚಿಲ್ಲದಷ್ಟು ಹಿರಿಯರ ಪಂದ್ಯ ಆಡಿ, ಅವು ಯಾವುದೂ ವಿಶ್ವಕಪ್ ಅಥವಾ ಖಂಡದ ಪ್ರಧಾನ ಕೂಟದ ಅಂತಿಮ ಹಂತದ್ದಾಗಿರದೆ, ಕೊನೆಯದು ಆಗಿ ಮೂರು ವರ್ಷ ಕಳೆದಿದ್ದರೆ, ಉಳಿದ ಷರತ್ತುಗಳಿಗೆ ಒಳಪಟ್ಟು ದೇಶ ಬದಲಿಸಬಹುದು. ಅವಸರದಲ್ಲಿ ಆಡಿಸಿದ ಒಂದು ಪಂದ್ಯ ಈಗ ಮೊದಲಿನಂತೆ ಬೀಗವಲ್ಲ.

‘ಕೋಚ್‌ಗೆ ಅವನ ಮೇಲೆ ಕಣ್ಣು.’ ಇದಕ್ಕೆ ಉತ್ತರವೇ ಇಲ್ಲ, ಮುಂದಿನ ಮಾತಿಗೆ ಹೋಗಿ.

ಮೊದಲ ಪಂದ್ಯ ಯಾವುದಾಗಬೇಕು

ಹಾಳೆ ತುಂಬಿ, ಹುಡುಗ ತಯಾರಿದ್ದಾನೆ ಎಂದು ನಿಮಗೆ ಅನಿಸಿದರೂ ಎಲ್ಲಿಂದ ಶುರು ಎಂಬುದು ಉಳಿಯುತ್ತದೆ. ಹುಡುಗನ ಮೊದಲ ಅಧಿಕೃತ ಪಂದ್ಯವೇ ಸೋತರೆ ಹೊರಬೀಳುವಂಥದ್ದಾದರೆ ಏನಾಗುತ್ತದೆ ಎಂಬುದಕ್ಕೆ 2007ರ ನವೆಂಬರ್ 21ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಪಂದ್ಯ ಇದೆ. ಕ್ರೊಯೇಷಿಯಾ ವಿರುದ್ಧ ಇಂಗ್ಲೆಂಡ್‌ಗೆ ಡ್ರಾ ಸಾಕಿತ್ತು. 22ರ ಸ್ಕಾಟ್ ಕಾರ್ಸನ್ ಅವರಿಗೆ ಅದಕ್ಕೂ ಮುಂಚೆ ಇದ್ದದ್ದು ಕೆಲವೇ ದಿನದ ಹಿಂದಿನ ಒಂದು ಸೌಹಾರ್ದ ಪಂದ್ಯ. ಮಳೆ, ಒದ್ದೆ ಹುಲ್ಲು. ಎಂಟನೇ ನಿಮಿಷದಲ್ಲಿ ಕ್ರೊಯೇಷಿಯಾದ ಕ್ರಾಂಚಾರ್ ದೂರದಿಂದ ಹೊಡೆದ ಚೆಂಡು ಮುಂದೆ ಪುಟಿದು ಕೈಯಿಂದ ಒಳಗೆ ಹೋಯಿತು. ಇಂಗ್ಲೆಂಡ್ 3-2ರಿಂದ ಸೋತು ಯೂರೋ 2008ರಿಂದ ಹೊರಬಿತ್ತು. ಕಾರ್ಸನ್ ಇಂಗ್ಲೆಂಡ್‌ಗೆ ಆಡಿದ್ದು ಒಟ್ಟು ನಾಲ್ಕೇ ಪಂದ್ಯ. ಆದರೆ ಇದಕ್ಕೆ ಎದುರು ಸಾಕ್ಷಿಯೂ ಇದೆ: 1997ರ ಅಕ್ಟೋಬರ್‌ನಲ್ಲಿ ಮಾಸ್ಕೋದ ಹಿಮದಲ್ಲಿ, ಪ್ಲೇಆಫ್ ಪಂದ್ಯದ ಮಧ್ಯೆ, ಗಾಯಗೊಂಡ ಇಟಲಿಯ ಕೀಪರ್ ಪಾಲ್ಯೂಕಾ ಬದಲು 19ರ ಬುಫೋನ್ ಇಳಿದು ನಿಂತರು. ಒಂದೇ ವ್ಯತ್ಯಾಸ, ಬುಫೋನ್ ಅವರನ್ನು ಆರಿಸಿದ್ದು ಗಾಯ, ಕಾರ್ಸನ್ ಅವರನ್ನು ಆರಿಸಿದ್ದು ಕೋಚ್. ಆಯ್ಕೆ ಕೈಯಲ್ಲಿರುವಾಗ ಜೂಜಾಡುವ ಅಗತ್ಯವಿಲ್ಲ.

ಸರಿಯಾದ ಕ್ರಮ ಹೀಗೆ: ಎರಡು ಶಿಬಿರ ಅಭ್ಯಾಸಕ್ಕೆ ಮಾತ್ರ. ಆಮೇಲೆ ಸೌಹಾರ್ದ ಪಂದ್ಯದಲ್ಲಿ 45 ನಿಮಿಷ, ಆದರೆ ಮೊದಲ ಆಯ್ಕೆಯ ಡಿಫೆಂಡರ್‌ಗಳು ಮುಂದಿರಬೇಕು. ಹೊಸ ಕೀಪರ್ ಮುಂದೆ ನಾಲ್ವರೂ ಹೊಸ ಡಿಫೆಂಡರ್‌ಗಳನ್ನು ನಿಲ್ಲಿಸಿದರೆ ಆ ಪಂದ್ಯದಿಂದ ಯಾರ ಬಗ್ಗೆಯೂ ಏನೂ ತಿಳಿಯದು. ನಂತರ ಪೂರ್ತಿ ಒಂದು ಸೌಹಾರ್ದ ಪಂದ್ಯ, ಸಾಧ್ಯವಾದರೆ ಎದುರಾಳಿಯ ನೆಲದಲ್ಲಿ. ಆಮೇಲೆ ಗುಂಪಿನ ಲೆಕ್ಕಾಚಾರ ಹೆಚ್ಚುಕಡಿಮೆ ಮುಗಿದಿರುವ ಅರ್ಹತಾ ಪಂದ್ಯ. ಇಷ್ಟಾಗಲು ಒಂದು ವರ್ಷವಾದರೂ ಬೇಕು.

ಆ ಮೊದಲ ದಿನ ಶಾಟ್‌ಗೆ ಕಾಯಬೇಡಿ. ಮೊದಲ ಹದಿನೈದು ನಿಮಿಷ ಡಿಫೆಂಡರ್‌ಗಳು ಅವನಿಗೆ ಬ್ಯಾಕ್‌ಪಾಸ್ ಎಷ್ಟು ಸಲ ಕೊಟ್ಟರು ಎಣಿಸಿ. ಒತ್ತಡದಲ್ಲಿ ಸಿಕ್ಕ ಸೆಂಟರ್‌ಬ್ಯಾಕ್ ಹಿಂದಿರುವ ಹುಡುಗನನ್ನು ಬಿಟ್ಟು ಚೆಂಡನ್ನು ಬೇಲಿಯಾಚೆಗೆ ಒದೆಯುತ್ತಿದ್ದರೆ, ತಂಡದೊಳಗಿನವರ ಅಭಿಪ್ರಾಯ ನಿಮ್ಮ ಹಾಳೆಗಿಂತ ಮುಂಚೆ ಗೊತ್ತಾಗುತ್ತದೆ.